ಮಹಡಿ ಮೇಲೆ ಗ್ರಾನೈಟ್ ಕಟಿಂಗ್, ಕೆಳಗೆ ಸ್ಟೆಂಟ್ ಹಾಕಿಸಿಕೊಂಡ ಅಪ್ಪ: ಯಾವ ಏರ್ ಪ್ಯೂರಿಫೈಯರ್ ತಗೊಳ್ಳಲಿ?

ರಾಜಾಜಿನಗರ_7
ಮೊದಲನೇ ಮಹಡಿ ಕಟ್ಟಿಸ್ತಿದ್ದೀವಿ. ಫ್ಲೋರಿಂಗು, ಅಡುಗೆಕಟ್ಟೆ, ಮೆಟ್ಟಿಲಿನ ಗ್ರಾನೈಟ್ ಎಲ್ಲಾ ಅಲ್ಲೇ ಕೊಯ್ತಿದ್ದಾರೆ, ಇನ್ನೂ ಮೂರು ವಾರದ ಕೆಲಸ ಇದೆ. ಕೆಳಗಿನ ಮನೆಯಲ್ಲಿ ಅಪ್ಪ (64) ಇದ್ದಾರೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ, ಶುಗರ್ ಇದೆ. 10x12 ಅಡಿ ರೂಮಿಗೆ ಎಷ್ಟು ದೊಡ್ಡ ಪ್ಯೂರಿಫೈಯರ್ ಬೇಕು? ಬಟ್ಟೆ ಮಾಸ್ಕ್ ಸಾಕಾ? ಬೆಲ್ಲ ತಿಂದ್ರೆ ಧೂಳು ಇಳಿಯುತ್ತೆ ಅಂತಾರೆ ಮೇಸ್ತ್ರಿ.

ಕಲ್ಲುಕೆಲಸ
ಪ್ಯೂರಿಫೈಯರ್ ಆಮೇಲೆ. ಮೊದಲು ಬ್ಲೇಡಿಗೆ ನೀರು ಬಿಡಿಸಿ. ಒಣ ಕಟಿಂಗಿನ ಧೂಳನ್ನು ಕೆಳಗೆ ಕೂತು ಸೋಸೋದು ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ನೀರು ಬಿಡೋ ಲೆಕ್ಕ: ನಿಮಿಷಕ್ಕೆ ಅರ್ಧ ಲೀಟರ್. ಒಂದು ಲೀಟರ್ ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು ಹೆಲ್ಪರ್ ಕೈಗೆ ಕೊಡಿ, ಎರಡು ನಿಮಿಷಕ್ಕೆ ಬಾಟಲಿ ಖಾಲಿಯಾಗಬೇಕು. ನೀರು ಬೀಳಬೇಕಾದ್ದು ಬ್ಲೇಡು ಕಲ್ಲಿಗೆ ತಾಗೋ ಜಾಗಕ್ಕೇ. ಸ್ಲ್ಯಾಬಿನ ಮೇಲೆ ಮೊದಲೇ ಒಂದು ಚೊಂಬು ಸುರಿದು ಕೊಯ್ಯೋಕೆ ಶುರು ಮಾಡಿದ್ರೆ ಮೊದಲ ಗೇಣು ಒದ್ದೆ, ಉಳಿದದ್ದೆಲ್ಲ ಒಣ. ಅಂಚಿಗೆ ಮೋಲ್ಡಿಂಗ್ ಹೊಡೆಯುವಾಗಲೂ ನೀರು ಬೇಕು, ಅಲ್ಲೇ ಹೆಚ್ಚು ಜನ ನೀರು ಹಾಕೋದು ಮರೆಯೋದು.

ಕರೆಂಟ್ ಜೋಪಾನ. ಒದ್ದೆ ಕೆಲಸಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಇರೋ ಲೈನಿಂದಲೇ ಮಷೀನಿಗೆ ಕರೆಂಟ್ ಕೊಡಿ, ಜಾಯಿಂಟ್ ಹಾಕಿದ ವೈರ್ ನೆಲದ ಮೇಲೆ ಬೇಡ. ಆರ್‌ಸಿಸಿಬಿ ಇಲ್ಲದಿದ್ರೆ, ಅಳತೆ ಕೊಟ್ಟು ಅಂಗಡಿಯಲ್ಲೇ ಕೊಯ್ಸಿ ತರೋದು ಎಲ್ಲಕ್ಕಿಂತ ಮೇಲು.

ಕೊಯ್ದ ಕೆಸರನ್ನು ಅದೇ ದಿನ ಒದ್ದೆ ಇರುವಾಗಲೇ ಗೋಣಿಗೆ ತುಂಬಿ. ಒಣಗಲು ಬಿಟ್ಟರೆ ನಾಳೆ ಪೊರಕೆ ಬಿದ್ದಾಗ ಮತ್ತೆ ಅದೇ ಧೂಳು. ಚರಂಡಿಗೆ ಬಿಟ್ಟರೆ ಪೈಪ್ ಕಟ್ಟುತ್ತೆ.

ಎದೆಗೂಡು
ಕಣ್ಣಿಗೆ ಕಾಣೋ ಧೂಳು ನಿಮಿಷಗಳಲ್ಲಿ ಕೂರುತ್ತೆ, ಮೂಗು ಗಂಟಲೂ ಅದನ್ನು ತಡೆಯುತ್ತೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣ (ಪಿಎಂ 2.5) ಗಂಟೆಗಟ್ಟಲೆ ತೇಲುತ್ತೆ, ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗುತ್ತೆ. ಅದಕ್ಕೇ ಮಷೀನ್ ನಿಂತ ಕೂಡಲೇ ಕೆಳಗಿನ ಮನೆಯ ಕಿಟಕಿ ತೆಗೆಯಬೇಡಿ.

ಹೃದಯಕ್ಕೇನು ಸಂಬಂಧ ಅಂದ್ರೆ, ಆ ಕಣಗಳಿಂದ ಶ್ವಾಸಕೋಶದಲ್ಲಿ ಆಗೋ ಉರಿಯೂತ ರಕ್ತನಾಳಗಳಿಗೂ ಹರಡುತ್ತೆ, ರಕ್ತ ಹೆಪ್ಪುಗಟ್ಟೋ ಸ್ವಭಾವ ಹೆಚ್ಚುತ್ತೆ, ಬಿಪಿ ಏರಬಹುದು. ಸ್ಟೆಂಟ್ ಇರೋರಿಗೆ ಇದು ವರ್ಷಗಳ ನಂತರದ ಮಾತಲ್ಲ, ಧೂಳು ಹೆಚ್ಚಿದ ಗಂಟೆಗಳಲ್ಲಿ, ದಿನಗಳಲ್ಲೇ ಅಪಾಯ ಏರುತ್ತೆ. ಭಾರತದ ಮಿತಿ ಪಿಎಂ 2.5ಕ್ಕೆ 24 ಗಂಟೆಯ ಸರಾಸರಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು (2021) 15. ಒಣ ಕಟಿಂಗ್ ಹತ್ತಿರದ ಧೂಳಿನ ಮುಂದೆ ಈ ಎರಡೂ ಅಂಕಿ ತೀರಾ ಚಿಕ್ಕವು.

ಬೆಲ್ಲ ಹೋಗೋದು ಹೊಟ್ಟೆಗೆ, ಧೂಳು ಇರೋದು ಶ್ವಾಸಕೋಶದಲ್ಲಿ, ದಾರಿಯೇ ಬೇರೆ. ಶುಗರ್ ಇರೋರಿಗಂತೂ ಬೇಡವೇ ಬೇಡ. ಹಬೆ ತಗೊಂಡರೂ ಒಳಗಿನ ಕಲ್ಲಿನ ಪುಡಿ ಹೊರಬರಲ್ಲ.

ರಕ್ತ ತೆಳುವಾಗಿಸೋ ಮಾತ್ರೆ ಒಂದು ದಿನವೂ ತಪ್ಪಬಾರದು. ಎದೆ ಬಿಗಿತ, ಎಡಗೈಗೋ ದವಡೆಗೋ ಹರಡೋ ನೋವು, ತಣ್ಣನೆ ಬೆವರು ಬಂದರೆ ಧೂಳಿನ ಕೆಮ್ಮು ಅಂತ ಕಾಯದೆ 108ಕ್ಕೆ ಕರೆ ಮಾಡಿ. ಶುಗರ್ ಇರೋರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಆಗಿಯೂ ಬರಬಹುದು. ಕಟಿಂಗ್ ಇರೋ ದಿನಗಳಲ್ಲಿ ಅವರನ್ನು ನೆಂಟರ ಮನೆಗೆ ಕಳಿಸೋ ಅನುಕೂಲ ಇದ್ರೆ ಅದೇ ಒಳ್ಳೇದು.

ಸೋಸುಗಾಳಿ
ರೂಮಿನ ಲೆಕ್ಕ: 10x12x10 ಅಡಿ ಅಂದ್ರೆ ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕಾದ್ರೆ ಸಿಎಡಿಆರ್ (ಪ್ಯೂರಿಫೈಯರ್ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಅಂಕಿ) 170 ಬೇಕು. ಆ ಅಂಕಿ ಪೂರ್ತಿ ವೇಗದ್ದು, ರಾತ್ರಿ ಸದ್ದು ಕಡಿಮೆ ಮಾಡಿ ಓಡಿಸೋದಾದ್ರೆ 250ರ ಹತ್ತಿರದ್ದು ತಗೊಳ್ಳಿ. ತೀರಾ ಸಣ್ಣ ಕಣ ಹಿಡಿಯೋ ಹೆಪಾ ಫಿಲ್ಟರ್ ಇರಲಿ, ಓಝೋನ್ ಬಿಡೋದು ಬೇಡ. ಕೆಲಸದ ಜಾಗದಲ್ಲಿ ಮಾತ್ರ ಇಡಬೇಡಿ, ಫಿಲ್ಟರ್ ಬೇಗ ಕಟ್ಟಿಹೋಗುತ್ತೆ.

ಎಷ್ಟೋ ಜನ ಎಡವೋದು ಇಲ್ಲಿ: ಕೆಳಗಿನ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕ್ತಾರೆ. ಅದು ಒಳಗಿನ ಗಾಳಿ ಹೊರಗೆ ತಳ್ಳಿದಷ್ಟೂ ಮೆಟ್ಟಿಲ ಕಡೆಯಿಂದ ಧೂಳಿನ ಗಾಳಿಯನ್ನೇ ಎಳ್ಕೊಳ್ಳುತ್ತೆ. ಎಕ್ಸಾಸ್ಟ್ ಮಹಡಿಯಲ್ಲಿರಲಿ, ಹೊರಮುಖವಾಗಿ. ಮೆಟ್ಟಿಲ ಬಾಯಿಗೆ ಎರಡು ಪದರ ಪ್ಲಾಸ್ಟಿಕ್ ಶೀಟ್, ಬಾಗಿಲ ಸಂದಿಗೆ ಒದ್ದೆ ಟವೆಲ್. ಪೊರಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ.

ಬಟ್ಟೆ ಮಾಸ್ಕ್ ಸಾಲದು. ಎನ್95 ಬೇಕು, ಕಿವಿಗೆ ಸಿಕ್ಕಿಸೋದಕ್ಕಿಂತ ತಲೆ ಹಿಂದೆ ಎರಡು ಪಟ್ಟಿ ಬರೋದು ಚೆನ್ನಾಗಿ ಕೂರುತ್ತೆ. ಎರಡೂ ಕೈಯಿಂದ ಮುಚ್ಚಿ ಜೋರಾಗಿ ಊದಿ: ಕಣ್ಣಿನ ಕಡೆ ಗಾಳಿ ಬಂದರೆ ಮೂಗಿನ ಪಟ್ಟಿ ಒತ್ತಿ. ಗಡ್ಡ ಇದ್ದರೆ ಸಂದಿಯಿಂದಲೇ ಧೂಳು ನುಗ್ಗುತ್ತೆ. ತೊಳೀಬೇಡಿ, ಕಣಗಳನ್ನು ಹಿಡಿಯೋ ವಿದ್ಯುದಂಶ ಹೋಗಿಬಿಡುತ್ತೆ.

ರಾಜಾಜಿನಗರ_7
ನೀರಿನ ವಿಷಯ ಹೇಳಿದ್ರೆ ಕಂಟ್ರಾಕ್ಟರ್ "ಕೆಲಸ ನಿಧಾನ ಆಗುತ್ತೆ" ಅಂತಾರೆ. ಅಡುಗೆಕಟ್ಟೆಗೆ ಕ್ವಾರ್ಟ್ಜ್ ಸ್ಲ್ಯಾಬ್ ಹಾಕೋ ಯೋಚನೆನೂ ಇದೆ, ಅದರಲ್ಲಿ ಧೂಳು ಕಡಿಮೆಯಾ?

ಕಲ್ಲುಕೆಲಸ
ಕಡಿಮೆ ಅಲ್ಲ, ಅಪಾಯ ಜಾಸ್ತಿ. ಫ್ಯಾಕ್ಟರಿಯಲ್ಲಿ ಮಾಡೋ ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಸಿಲಿಕಾ (ಧೂಳಾದಾಗ ಶ್ವಾಸಕೋಶ ಕೆಡಿಸೋ ಖನಿಜ) ಸಾಮಾನ್ಯವಾಗಿ 90%ಕ್ಕಿಂತ ಹೆಚ್ಚು, ಗ್ರಾನೈಟಿನಲ್ಲಿ ಅದಕ್ಕಿಂತ ಬಹಳ ಕಡಿಮೆ, ಮಾರ್ಬಲ್‌ನಲ್ಲಿ ಅತ್ಯಲ್ಪ. ಕೊಯ್ಯೋರಿಗೆ ಸಿಲಿಕೋಸಿಸ್ (ಸಿಲಿಕಾ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆ) ಬರ್ತಿದೆ ಅಂತಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕ್ವಾರ್ಟ್ಜ್ ಸ್ಲ್ಯಾಬನ್ನು ನಿಷೇಧಿಸಿತು. ಹಾಕೋದೇ ಆದ್ರೆ ಸಿಂಕ್, ಸ್ಟವ್ ತೂತುಗಳನ್ನೂ ಅಂಗಡಿಯಲ್ಲೇ ಕೊಯ್ಸಿ, ಮನೆಗೆ ಬಂದ ಮೇಲೆ ಬರೀ ಕೂರಿಸೋದು.

ಕಂಟ್ರಾಕ್ಟರಿಗೆ ಹೇಳಿ: ಕೇಂದ್ರ ಪರಿಸರ ಸಚಿವಾಲಯದ 2018ರ ಜನವರಿಯ ಅಧಿಸೂಚನೆ ಕಟ್ಟಡ ಸಾಮಗ್ರಿಯನ್ನು ಬಯಲಲ್ಲಿ ಕೊಯ್ಯೋದನ್ನು ನಿಷೇಧಿಸಿದೆ. ಹೆಲ್ಪರ್ ಕೂಲಿ ಹೆಚ್ಚಾಯ್ತು ಅಂದ್ರೆ ಅದನ್ನು ನೀವೇ ಕೊಡಿ.

ಎದೆಗೂಡು
ಒಂದು ಸೇರಿಸ್ತೀನಿ. ನಿಮ್ಮ ತಂದೆಯವರಿಗೆ ಇದು ಮೂರು ವಾರ, ಕೊಯ್ಯೋ ಹುಡುಗರಿಗೆ ದಿನಾ ಇದೇ ಗಾಳಿ. ಸಿಲಿಕೋಸಿಸ್ ಬಂದರೆ ವಾಸಿಯಾಗಲ್ಲ, ಟಿಬಿ ಅಂಟೋ ಸಾಧ್ಯತೆಯೂ ಹೆಚ್ಚುತ್ತೆ. ಒಂದು ಡಬ್ಬ ಎನ್95 ಮಹಡಿ ಮೇಲೂ ಇಡಿ. ಎರಡು ವಾರ ಮೀರಿದ ಕೆಮ್ಮು ಅವರಲ್ಲಿ ಯಾರಿಗಾದರೂ ಇದ್ದರೆ ಕಫ ಪರೀಕ್ಷೆ, ಎದೆ ಎಕ್ಸ್‌ರೇ ಎರಡೂ ಮಾಡಿಸಲಿ. ಡಾಕ್ಟರಿಗೆ "ಕಲ್ಲು ಕೊಯ್ಯೋ ಕೆಲಸ, ಇಷ್ಟು ವರ್ಷದಿಂದ" ಅಂತ ಹೇಳೋದು ಮರೀಬಾರದು. ಹೇಳದಿದ್ದರೆ ಎಕ್ಸ್‌ರೇ ಮೇಲಿನ ಕಲೆ ನೋಡಿ ಬರೀ ಟಿಬಿ ಅಂದುಕೊಂಡು ಔಷಧಿ ಶುರುವಾಗಿಬಿಡಬಹುದು.