ಒಂದೇ ಸರ್ವರ್, ಮೂರು ಸೈಟ್: ಮೆಮೊರಿ ಲಿಮಿಟ್ ಎಷ್ಟು ಇಡಬೇಕು?

ಪ್ರಶ್ನೆ (ವಿರಾಜಪೇಟೆಯಿಂದ):
ನಮಸ್ಕಾರ ಸರ್. 2 ಜಿಬಿ ರ‍್ಯಾಮ್ ಇರುವ ವಿಪಿಎಸ್ (ದೊಡ್ಡ ಸರ್ವರ್‌ನ ಒಂದು ಪಾಲು) ಒಂದನ್ನು ಬಾಡಿಗೆಗೆ ತೆಗೆದುಕೊಂಡು ಮೂರು ವರ್ಡ್‌ಪ್ರೆಸ್ ಸೈಟ್ ನಡೆಸುತ್ತಿದ್ದೇನೆ. ಒಂದು ನಮ್ಮ ಹೋಂಸ್ಟೇ, ಒಂದು ಕಾಫಿಪುಡಿ, ಕರಿಮೆಣಸು, ಜೇನು ಮಾರುವ ಅಂಗಡಿ, ಇನ್ನೊಂದು ಕೌಟುಂಬಿಕ ಹಾಕಿ ಪಂದ್ಯಗಳ ಫೋಟೊ ಹಾಕುವ ಸೈಟ್. ಮಾಮೂಲಿ ದಿನ ಏನೂ ತೊಂದರೆ ಇಲ್ಲ. ಸಾಲು ರಜೆ ಬಂತು ಅಂದ್ರೆ ಮೂರೂ ಒಟ್ಟಿಗೆ ಬೀಳುತ್ತವೆ. ಡೇಟಾಬೇಸ್ ಕನೆಕ್ಷನ್ ಎರರ್ ಅಂತ ತೋರಿಸುತ್ತದೆ. ಅದಕ್ಕೂ ಮುಂಚೆ ಅಂಗಡಿ ಸೈಟ್‌ನಲ್ಲಿ 134217728 ಬೈಟ್ಸ್ ಮೆಮೊರಿ ಮುಗಿದಿದೆ ಅಂತ ಎರರ್ ಬರುತ್ತಿತ್ತು. ಪರಿಚಯದವರೊಬ್ಬರು ಹೇಳಿದಂತೆ ಮೆಮೊರಿ ಲಿಮಿಟ್ 1024 ಎಂಬಿ ಮಾಡಿದೆ. ಆ ಎರರ್ ಹೋಯಿತು, ಆದರೆ ಸೈಟ್ ಬೀಳುವುದು ಜಾಸ್ತಿ ಆಯಿತು. ಮ್ಯಾಕ್ಸ್ ಚಿಲ್ಡ್ರನ್ 20 ಇದೆ. ಹೋಂಸ್ಟೇ ಬುಕಿಂಗ್ ಬರುವುದೇ ಆ ದಿನಗಳಲ್ಲಿ ಸರ್, ದಯವಿಟ್ಟು ದಾರಿ ಹೇಳಿ.

ಉತ್ತರ:
ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಮೊದಲನೆಯದು ಪಿಎಚ್‌ಪಿಯದು, ಅಂದ್ರೆ ವರ್ಡ್‌ಪ್ರೆಸ್ ಪೇಜ್ ತಯಾರಿಸುವ ಭಾಷೆಯದು. 134217728 ಬೈಟ್ಸ್ ಅಂದ್ರೆ ಸರಿಯಾಗಿ 128 ಎಂಬಿ, ಪಿಎಚ್‌ಪಿಯ ಡಿಫಾಲ್ಟ್ ಲಿಮಿಟ್. ಯಾವುದೋ ಒಂದು ಪೇಜ್ ಅದನ್ನು ದಾಟಿತು, ಪಿಎಚ್‌ಪಿ ಅದನ್ನಷ್ಟೇ ನಿಲ್ಲಿಸಿತು. ಬೇರೆ ಯಾವುದಕ್ಕೂ ಪೆಟ್ಟು ಬೀಳಲಿಲ್ಲ. ಎರಡನೆಯದು ಇಡೀ ಸರ್ವರ್‌ನದು. ರ‍್ಯಾಮ್ ಪೂರ್ತಿ ಖಾಲಿ ಆದಾಗ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತಾನೇ ಒಂದು ಪ್ರೋಸೆಸ್ಸನ್ನು, ಅಂದ್ರೆ ಓಡುತ್ತಿರುವ ಪ್ರೋಗ್ರಾಮನ್ನು, ಕೊಲ್ಲುತ್ತದೆ. ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದದ್ದೇ ಅದರ ಕೈಗೆ ಸಿಗುತ್ತದೆ. ಸಣ್ಣ ಸರ್ವರ್‌ಗಳಲ್ಲಿ ಅದು ಮೈಎಸ್‌ಕ್ಯೂಎಲ್ ಡೇಟಾಬೇಸ್. ಮೂರೂ ಸೈಟ್ ಅದನ್ನೇ ನಂಬಿಕೊಂಡಿವೆ, ಅದಕ್ಕೇ ಮೂರೂ ಒಟ್ಟಿಗೆ ಹೋಗುತ್ತವೆ. ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್’ ಅನ್ನುವ ಸಾಲು ಹುಡುಕಿ. ಪಕ್ಕದಲ್ಲಿ ಮೈಎಸ್‌ಕ್ಯೂಎಲ್ ಹೆಸರಿದ್ದರೆ ಅನುಮಾನವೇ ಬೇಡ.

ಮೆಮೊರಿ ಲಿಮಿಟ್ ಇಡೀ ಸೈಟಿಗೆ ಅಲ್ಲ, ಒಂದು ರಿಕ್ವೆಸ್ಟ್‌ಗೆ. ಪಂಕ್ತಿಯಲ್ಲಿ ಒಬ್ಬರ ಎಲೆಗೆ ಹೆಚ್ಚೆಂದರೆ ಎಷ್ಟು ಬಡಿಸಬಹುದು ಅನ್ನುವುದು ಮೆಮೊರಿ ಲಿಮಿಟ್. ಒಂದು ಸಲಕ್ಕೆ ಎಷ್ಟು ಎಲೆ ಹಾಕಬಹುದು, ಅಂದ್ರೆ ಎಷ್ಟು ಪಿಎಚ್‌ಪಿ ಪ್ರೋಸೆಸ್ ಒಟ್ಟಿಗೆ ಓಡಬಹುದು ಅನ್ನುವುದು ಮ್ಯಾಕ್ಸ್ ಚಿಲ್ಡ್ರನ್. ನೀವು 20 ಎಲೆ ಹಾಕಿ, ಎಲೆಗೆ 1 ಜಿಬಿ ತನಕ ಬಡಿಸಬಹುದು ಅಂತ ಬಿಟ್ಟಿದ್ದೀರಿ. ಇರುವುದು 2 ಜಿಬಿ.

ಹಾಗಾಗಿ ಲೆಕ್ಕವನ್ನು ಎಲೆಗಳ ಸಂಖ್ಯೆಯಿಂದ ಶುರು ಮಾಡಿ. 2048 ಎಂಬಿಯಲ್ಲಿ ಆಪರೇಟಿಂಗ್ ಸಿಸ್ಟಂ, ಎಂಜಿನ್‌ಎಕ್ಸ್ (ವೆಬ್ ಸರ್ವರ್) ಎಲ್ಲ ಸೇರಿ 300 ತೆಗೆದಿಡಿ. ಮೈಎಸ್‌ಕ್ಯೂಎಲ್‌ಗೆ 500. ಅದು ಡೇಟಾ ಹಿಡಿದಿಟ್ಟುಕೊಳ್ಳುವ ಇನ್ನೋಡಿಬಿ ಬಫರ್ ಪೂಲ್ ಡಿಫಾಲ್ಟ್ 128 ಎಂಬಿ ಇರುತ್ತದೆ, ಈ ಸರ್ವರ್‌ಗೆ ಅದನ್ನು ಮುಟ್ಟಬೇಡಿ. ಉಳಿದದ್ದು ಸುಮಾರು 1200. ಈಗ ಜನ ಓಡಾಡುವ ಹೊತ್ತಿನಲ್ಲಿ ‘ಪಿಎಸ್’ ಕಮಾಂಡ್ ಕೊಟ್ಟು, ಒಂದೊಂದು ಪಿಎಚ್‌ಪಿ ಪ್ರೋಸೆಸ್ ಎಷ್ಟು ಹಿಡಿದಿದೆ ಅಂತ ಆರ್‌ಎಸ್‌ಎಸ್ ಕಾಲಂನಲ್ಲಿ ನೋಡಿ. 80 ಎಂಬಿ ಅಂತ ಇಟ್ಟುಕೊಂಡರೆ 15 ಪ್ರೋಸೆಸ್ ಹಿಡಿಸುತ್ತವೆ. ನಾನಾದರೆ 12ಕ್ಕೆ ನಿಲ್ಲಿಸುತ್ತೇನೆ. (ಪಿಎಚ್‌ಪಿ ಕೋಡನ್ನು ಸಿದ್ಧವಾಗಿಟ್ಟುಕೊಳ್ಳುವ ಆಪ್‌ಕ್ಯಾಶ್‌ನ ಹಂಚಿಕೊಂಡ ಮೆಮೊರಿ ಪ್ರತಿಯೊಂದರ ಲೆಕ್ಕದಲ್ಲೂ ಸೇರುತ್ತದೆ. ಆದ್ದರಿಂದ ನಿಜವಾದ ಖರ್ಚು ಸ್ವಲ್ಪ ಕಡಿಮೆಯೇ.)

ಮೂರೂ ಸೈಟನ್ನು ಒಂದೇ ಪೂಲ್‌ನಲ್ಲಿ (ಪಿಎಚ್‌ಪಿ ಪ್ರೋಸೆಸ್‌ಗಳ ಗುಂಪಿನಲ್ಲಿ) ಇಡಬೇಡಿ. ಸೈಟಿಗೊಂದು ಪೂಲ್ ಫೈಲ್ ಮಾಡಿ. ಅಂಗಡಿಗೆ 6 ಪ್ರೋಸೆಸ್, ಲಿಮಿಟ್ 256 ಎಂಬಿ. ಹೋಂಸ್ಟೇಗೆ 4, ಲಿಮಿಟ್ 128. ಫೋಟೊ ಸೈಟಿಗೆ 2, ಲಿಮಿಟ್ 128, ‘ಆನ್‌ಡಿಮ್ಯಾಂಡ್’ ಮೋಡ್‌ನಲ್ಲಿ. ಯಾರೂ ನೋಡದಿದ್ದಾಗ ಅದರ ಪ್ರೋಸೆಸ್‌ಗಳು ಎದ್ದುಹೋಗಿ ಜಾಗ ಬಿಡುತ್ತವೆ. ಲಿಮಿಟನ್ನು ಪೂಲ್ ಫೈಲ್‌ನಲ್ಲೇ ‘ಪಿಎಚ್‌ಪಿ ಅಡ್ಮಿನ್ ವ್ಯಾಲ್ಯೂ’ ಅಂತ ಬರೆಯಿರಿ. ಹಾಗೆ ಬರೆದರೆ ಯಾವ ಪ್ಲಗಿನ್ ಕೂಡ ಸುಮ್ನೆ ಏರಿಸಿಕೊಳ್ಳಲು ಆಗುವುದಿಲ್ಲ.

ಎಲ್ಲ 12 ಪ್ರೋಸೆಸ್ ಒಟ್ಟಿಗೆ ಲಿಮಿಟ್ ಮುಟ್ಟಿದರೆ? ಅಪರೂಪ, ಆದರೆ ಆಗಬಹುದು. ಅದಕ್ಕೆ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಪಿಎಚ್‌ಪಿ ಸರ್ವಿಸ್‌ಗೆ ‘ಮೆಮೊರಿ ಮ್ಯಾಕ್ಸ್’ 1200 ಎಂಬಿ ಕೊಡಿ. ಆಗ ಸಾಯುವುದು ಒಂದು ಪಿಎಚ್‌ಪಿ ಪ್ರೋಸೆಸ್, ನಿಮ್ಮ ಡೇಟಾಬೇಸ್ ಅಲ್ಲ. ಜೊತೆಗೆ ‘ಓಓಎಂ (ಔಟ್ ಆಫ್ ಮೆಮೊರಿ) ಪಾಲಿಸಿ’ಯನ್ನು ‘ಕಂಟಿನ್ಯೂ’ ಮಾಡಲೇಬೇಕು. ಡಿಫಾಲ್ಟ್ ‘ಸ್ಟಾಪ್’ ಇರುತ್ತದೆ. ಒಂದು ಪ್ರೋಸೆಸ್ ಸತ್ತರೆ ಸಿಸ್ಟಂಡಿ ಇಡೀ ಪಿಎಚ್‌ಪಿಯನ್ನೇ ನಿಲ್ಲಿಸಿಬಿಡುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

ಪ್ರಶ್ನೆ (ಅವರದೇ):
ತುಂಬಾ ಉಪಕಾರ ಸರ್. ಫೋಟೊ ಸೈಟಿಗೆ 128 ಸಾಕಾ? ಒಂದೊಂದು ಫೋಟೊ 4 ಎಂಬಿ ಅಷ್ಟೇ.

ಉತ್ತರ:
ಫೈಲ್ 4 ಎಂಬಿ, ನಿಜ. ಆದರೆ ಸೈಜ್ ಕಡಿಮೆ ಮಾಡಲು ಫೋಟೊವನ್ನು ಬಿಚ್ಚಬೇಕಲ್ವಾ? 4000 × 3000 ಪಿಕ್ಸೆಲ್ ಫೋಟೊ ಅಂದ್ರೆ 1.2 ಕೋಟಿ ಪಿಕ್ಸೆಲ್. ಪಿಎಚ್‌ಪಿ ಫೋಟೊ ತಿದ್ದಲು ಬಳಸುವ ಜಿಡಿ ಲೈಬ್ರರಿಯಲ್ಲಿ ಪಿಕ್ಸೆಲ್‌ಗೆ 4 ಬೈಟ್, ಒಟ್ಟು ಹತ್ತಿರ ಹತ್ತಿರ 46 ಎಂಬಿ. ಅದರ ಪಕ್ಕದಲ್ಲಿ ಚಿಕ್ಕ ಪ್ರತಿಯೂ ವರ್ಡ್‌ಪ್ರೆಸ್ಸೂ ಕೂರಬೇಕು. 128ರಲ್ಲಿ ಸಾಮಾನ್ಯವಾಗಿ ಆಗುತ್ತದೆ. ಇನ್ನೂ ದೊಡ್ಡ ಕ್ಯಾಮೆರಾದ ಫೋಟೊ ಆದರೆ ಅಪ್‌ಲೋಡ್ ಮಾಡುವ ಮೊದಲು ಮನೆಯ ಕಂಪ್ಯೂಟರ್‌ನಲ್ಲೇ ಚಿಕ್ಕದು ಮಾಡಿ. ಲಿಮಿಟ್ ಏರಿಸುವುದಕ್ಕಿಂತ ಅದೇ ವಾಸಿ.

ಪ್ರಶ್ನೆ (ಗೋಣಿಕೊಪ್ಪದಿಂದ):
ಅಣ್ಣ, ನಾನು ಪಿಎಚ್‌ಪಿ ಐಎನ್‌ಐ ಫೈಲ್‌ನಲ್ಲಿ 256 ಹಾಕಿದೆ. ಸೈಟಲ್ಲಿ ಇನ್ನೂ 128 ಅಂತಲೇ ತೋರಿಸುತ್ತೆ.

ಉತ್ತರ:
ಉಬುಂಟು ಆದರೆ ಕಮಾಂಡ್‌ಲೈನ್‌ಗೊಂದು, ಎಫ್‌ಪಿಎಂಗೊಂದು (ಸೈಟ್‌ಗಳಿಗೆ ಪಿಎಚ್‌ಪಿ ಪ್ರೋಸೆಸ್‌ಗಳನ್ನು ನಡೆಸುವ ಸರ್ವಿಸ್) ಬೇರೆ ಬೇರೆ ಐಎನ್‌ಐ ಫೈಲ್ ಇರುತ್ತದೆ. ನೀವು ಮೊದಲನೆಯದನ್ನು ತಿದ್ದಿರಬಹುದು. ಎಫ್‌ಪಿಎಂ ಫೋಲ್ಡರ್‌ನಲ್ಲಿರುವುದನ್ನು ತಿದ್ದಿ, ಸರ್ವಿಸ್ ರೀಲೋಡ್ ಮಾಡಿ.

ಪ್ರಶ್ನೆ (ಸೋಮವಾರಪೇಟೆಯಿಂದ):
ಇಷ್ಟೆಲ್ಲ ಮಾಡುವ ಬದಲು 4 ಜಿಬಿ ಪ್ಲಾನ್ ತೆಗೆದುಕೊಂಡರೆ ಆಗಲ್ವಾ?

ಉತ್ತರ:
ಮಿತಿ ಹಾಕದೆ 4 ಜಿಬಿ ಕೊಟ್ಟರೆ ಅದೂ ಒಂದು ಸಾಲು ರಜೆಯಲ್ಲಿ ತುಂಬುತ್ತದೆ. ಮೊದಲು ಮಿತಿ ಹಾಕಿ, 1 ಜಿಬಿ ಸ್ವಾಪ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಾಡಿ, ಒಂದೆರಡು ವಾರಾಂತ್ಯ ನೋಡಿ. ಎಫ್‌ಪಿಎಂ ಲಾಗ್‌ನಲ್ಲಿ ಮ್ಯಾಕ್ಸ್ ಚಿಲ್ಡ್ರನ್ ಮುಟ್ಟಿದೆ ಅನ್ನುವ ಎಚ್ಚರಿಕೆ ಪದೇ ಪದೇ ಬರುತ್ತಿದ್ದು, ‘ಫ್ರೀ’ ಕಮಾಂಡ್‌ನ ಅವೈಲಬಲ್ ಕಾಲಂನಲ್ಲೂ ಏನೂ ಉಳಿದಿಲ್ಲ ಅಂದ್ರೆ ಆಗ ದುಡ್ಡು ಹಾಕಿ. ಎಚ್ಚರಿಕೆ ಬರುತ್ತಿದ್ದು ರ‍್ಯಾಮ್ ಉಳಿದಿದ್ದರೆ ಪ್ರೋಸೆಸ್ ಒಂದೋ ಎರಡೋ ಹೆಚ್ಚಿಸಿದರೆ ಸಾಕು.