ಓದುಗರ ಸ್ಪಂದನ: ಮನೆ ಮಾರಿದರೂ ಸಾಲ ಉಳಿಯುತ್ತೆ, ಏನು ಮಾಡಲಿ?

ಕಳೆದ ಸಂಚಿಕೆಯಲ್ಲಿ ಮೈಸೂರಿನ ಓದುಗರೊಬ್ಬರ ಪತ್ರ ಹಾಕಿದ್ದೆವು. ಓದದವರಿಗಾಗಿ ನಾಲ್ಕು ಮಾತು. 2020ರ ಜನವರಿಯಲ್ಲಿ ಅವರು ಬೋಗಾದಿ ಕಡೆ, ರಿಂಗ್ ರೋಡ್ ದಾಟಿ, ಎರಡು ಬೆಡ್‌ರೂಮಿನ ಫ್ಲಾಟ್ ತೆಗೆದುಕೊಂಡರು. ಬೆಲೆ 49 ಲಕ್ಷ, ಸಾಲ 39 ಲಕ್ಷ. ಎರಡೇ ತಿಂಗಳಿಗೆ ಕೊರೊನಾ ಬಂತು. ಆಗ ಕೊಟ್ಟಿದ್ದ ವಿನಾಯಿತಿಯಲ್ಲಿ ಆರು ತಿಂಗಳು ಕಂತು ಕಟ್ಟಲಿಲ್ಲ, ಆ ಬಡ್ಡಿ ಅಸಲಿಗೆ ಸೇರಿತು. ಮರುವರ್ಷ ವಾರ್ಡ್‌ರೋಬು, ಅಡುಗೆಮನೆ ಕಪಾಟು ಅಂತ ಅದೇ ಮನೆಯ ಮೇಲೆ ಇನ್ನೂ 6 ಲಕ್ಷ ಟಾಪ್-ಅಪ್ ಸಾಲ. ಈಗ ಎರಡೂ ಸೇರಿ 41 ಲಕ್ಷ ಬಾಕಿ, ತಿಂಗಳಿಗೆ 41,400 ಕಂತು. ಪತಿಗೆ ಇಲ್ಲಿದ್ದ ಕೆಲಸ ಹೋಗಿ ಬೆಂಗಳೂರಿನಲ್ಲಿ ಸಿಕ್ಕಿದೆ. ಅಲ್ಲಿ ಬಾಡಿಗೆ, ಇಲ್ಲಿ ಕಂತು. ಮಾರೋಣ ಅಂದರೆ ಕಟ್ಟಡಕ್ಕೆ ಓಸಿ (ವಾಸಕ್ಕೆ ಒಪ್ಪಿಗೆ ಕೊಡುವ ಪ್ರಮಾಣಪತ್ರ) ಇಲ್ಲ, ಬಂದ ಗಿರಾಕಿಗಳಿಗೆ ಬ್ಯಾಂಕು ಸಾಲ ಕೊಡುತ್ತಿಲ್ಲ. ಕೈಯಲ್ಲಿ ಕಾಸಿರುವ ಒಬ್ಬರು ಮಾತ್ರ 35 ಲಕ್ಷಕ್ಕೆ ಕೇಳಿದ್ದಾರೆ.

ಅತ್ತೆಯ ಒಡವೆ ಮಾರಿ 6 ಲಕ್ಷ ತುಂಬಿಸಿ ಕೈತೊಳೆದುಕೊಳ್ಳಲೇ, ಬೆಲೆ ಏರುವವರೆಗೆ ಕಾಯಲೇ? ಇದು ಅವರ ಪ್ರಶ್ನೆ. "ಕೀಲಿಕೈ ಬ್ಯಾಂಕಿಗೇ ಕೊಟ್ಟುಬಿಡೋಣ ಅಂತಾರೆ ನಮ್ಮನೆಯವರು" ಅಂತ ಕೊನೆಯಲ್ಲಿ ಒಂದು ಸಾಲಿತ್ತು. ಜಾಸ್ತಿ ಓದುಗರು ಹಿಡಿದುಕೊಂಡಿದ್ದು ಆ ಸಾಲನ್ನೇ.

ಮೊದಲು ಬಂದ ಕಾರ್ಡು ಇದು.

"ಫ್ಲಾಟ್ ನಿಮ್ಮಿಬ್ಬರ ಹೆಸರಿನಲ್ಲಿದೆ. ಒಡವೆ ಅತ್ತೆಯದು. ಇದರಲ್ಲಿ ಕೇಳುವುದೇನಿದೆ?
ಓದುಗ, ಒಂಟಿಕೊಪ್ಪಲು"

ಇಷ್ಟೇ. ಕಾರ್ಡಿನ ಉಳಿದ ಜಾಗ ಖಾಲಿ ಇತ್ತು. ಮಂಡ್ಯದಿಂದ ಬಂದ ಮುಂದಿನ ಪತ್ರ ಎಂಟು ಪುಟ. ಸ್ವಲ್ಪ ಕತ್ತರಿಸಿದ್ದೇವೆ. ಹೆಸರು ಬೇಡ ಅಂದಿದ್ದಾರೆ.

"ತಂಗಿ, ನೀವು ಅನ್ನಲಾ ನೀನು ಅನ್ನಲಾ ಗೊತ್ತಾಗುತ್ತಿಲ್ಲ. ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಯಜಮಾನರು ಕೀಲಿಕೈ ಕೊಟ್ಟುಬಿಡೋಣ ಅಂತಾರಲ್ಲ, ನಮ್ಮನೆಯವರೂ ಅದೇ ಮಾತು ಅಂದಿದ್ದರು.

ನಮ್ಮದು ಮಂಡ್ಯದ ಪಕ್ಕದ ಹಳ್ಳಿ. ಆಲೆಮನೆ ಇತ್ತು. ಬೆಲ್ಲಕ್ಕೆ ಒಳ್ಳೆ ರೇಟು ಸಿಕ್ಕ ವರ್ಷ ಪೇಟೆಯಲ್ಲಿ ಸೈಟು ತೆಗೆದುಕೊಂಡು, ಸಾಲ ಮಾಡಿ ಎರಡಂತಸ್ತು ಕಟ್ಟಿಸಿದೆವು. ಕೆಳಗೆ ನಾವು, ಮೇಲೆ ಬಾಡಿಗೆ, ಬಾಡಿಗೆಯಲ್ಲೇ ಅರ್ಧ ಕಂತು ಹೋಗುತ್ತೆ ಅಂತ ಲೆಕ್ಕ. ಕ್ಯಾಲೆಂಡರ್ ಹಿಂದೆ ಬರೆದಿದ್ದ ಆ ಲೆಕ್ಕ ಎಷ್ಟು ಚೆನ್ನಾಗಿತ್ತು ಗೊತ್ತಾ? ಆಮೇಲೆ 2015ರಲ್ಲೂ 2016ರಲ್ಲೂ ಮಳೆ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಕಬ್ಬು ಒಣಗಿತು, ಆಲೆಮನೆ ಒಲೆ ಆರಿತು. ಮೇಲಿನ ಬಾಡಿಗೆಯವರೂ ಬಿಟ್ಟು ಹೋದರು.

ಮಾರಲು ಹೋದರೆ ಬಾಕಿಗಿಂತ ನಾಲ್ಕು ಲಕ್ಷ ಕಮ್ಮಿಗೆ ಕೇಳಿದರು. ನಮ್ಮನೆಯವರಿಗೆ ಅವಮಾನ ಆಯ್ತು. ನಿಂತು ಕಟ್ಟಿಸಿದವನು ನಾನು, ಬೆಲೆ ಕಟ್ಟೋಕೆ ಇವನ್ಯಾರು ಅಂತ ಕಾಫಿಯನ್ನೂ ಕೊಡದೆ ಕಳಿಸಿದರು. ಅವನೇ ಕೊನೆಯ ಗಿರಾಕಿ.

ಮೂರು ಕಂತು ತಪ್ಪಿತು. ಬ್ಯಾಂಕಿನ ಫೋನು ಬಂದರೆ ಮಗನ ಕೈಗೆ ಕೊಟ್ಟು, ಅಪ್ಪ ಇಲ್ಲ ಅನ್ನು ಅನ್ನುತ್ತಿದ್ದರು. ಮಗ ಆಗ ಆರನೇ ಕ್ಲಾಸು. ಒಂದು ಮಧ್ಯಾಹ್ನ ಬಾಗಿಲಿಗೆ ನೋಟಿಸು ಅಂಟಿಸಿ ಹೋದರು. ಮಕ್ಕಳು ಸ್ಕೂಲಿನಿಂದ ಬರುವುದು ನಾಲ್ಕೂವರೆಗೆ. ಬಿಸಿನೀರಿಗೆ ಬಟ್ಟೆ ಅದ್ದಿ ಉಜ್ಜಿದೆ, ದೋಸೆ ಮಗುಚೋ ಕೈಯಲ್ಲಿ ಕೆರೆದೆ. ಕಾಗದ ಬಂತು, ಗೋಂದು ಬರಲಿಲ್ಲ. ನೀರು ಇಳಿದು ಹೊಸ್ತಿಲ ಕುಂಕುಮ ಮೆಟ್ಟಿಲವರೆಗೂ ಹರಿಯಿತು. ಡಬ್ಬದ ತಳದಲ್ಲಿ ಉಳಿದಿದ್ದ ಪೇಂಟು ಹಚ್ಚಿದರೆ ಬಣ್ಣ ಹೊಂದಲಿಲ್ಲ. ಅಷ್ಟಗಲ ಜಾಗ ಮಾತ್ರ ಹೊಸದಾಗಿ ಕಾಣುತ್ತಿತ್ತು. ಹಾಲಿನವನೂ ಅದನ್ನೇ ನೋಡುತ್ತಾನೆ ಅನ್ನಿಸೋದು.

ಹರಾಜಾಯ್ತು. ಬಂದಿದ್ದು ಆ ಗಿರಾಕಿ ಹೇಳಿದ್ದಕ್ಕಿಂತಲೂ ಎರಡು ಲಕ್ಷ ಕಮ್ಮಿ. ಅಷ್ಟು ದಿನದ ಬಡ್ಡಿ, ನೋಟಿಸಿನ ಖರ್ಚು, ಎಲ್ಲಾ ನಮ್ಮ ತಲೆ ಮೇಲೆ. ಮನೆ ಹೋದ ಮೇಲೆ ಸಾಲವೂ ಹೋಯ್ತು ಅಂದುಕೊಂಡಿದ್ದೆ. ಎಂಟು ಲಕ್ಷ ಇನ್ನೂ ನಿಂತಿತ್ತು.

ನಾನು ನಿಜವಾಗಿ ಹೇಳಬೇಕಾಗಿದ್ದು ಇದಲ್ಲ. ನಮ್ಮ ಸಾಲಕ್ಕೆ ಜಾಮೀನು ಹಾಕಿದ್ದು ನನ್ನ ಅಣ್ಣ. ನನಗದು ಮರೆತೇ ಹೋಗಿತ್ತು. ಅವತ್ತು ಸಹಿ ಹಾಕಿ, ನಮ್ಮ ಜೊತೆ ಮಸಾಲೆ ದೋಸೆ ತಿಂದು ಬಸ್ಸು ಹತ್ತಿದ್ದ, ಅಷ್ಟೇ ನೆನಪು. ಬ್ಯಾಂಕು ಮರೆತಿರಲಿಲ್ಲ. ಅಣ್ಣ ನಮ್ಮನ್ನು ಒಂದು ಮಾತೂ ಕೇಳದೆ ಹದಿನೈದು ಗುಂಟೆ ಗದ್ದೆ ಮಾರಿ ಕಟ್ಟಿದ. ನನಗೆ ಗೊತ್ತಾಗಿದ್ದು ಮದುವೆ ಮನೆಯಲ್ಲಿ, ಬೇರೆಯವರ ಬಾಯಿಂದ. ಈಗಲೂ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುತ್ತೆ. ಅಣ್ಣ ಬರಲ್ಲ. ಅತ್ತಿಗೆಯ ತಮ್ಮನ ಕೈಯಲ್ಲಿ ಕಳಿಸುತ್ತಾನೆ. ಆ ಹುಡುಗ ಗೇಟಿನ ಹತ್ತಿರವೇ ಕೊಟ್ಟು ಹೋಗುತ್ತಾನೆ.

ನಿನ್ನ ಪತ್ರದಲ್ಲಿ ಜಾಮೀನು ಯಾರದು ಅಂತ ಎಲ್ಲೂ ಇಲ್ಲ. ಮೊದಲು ಆ ಫೈಲು ತೆಗೆದು ನೋಡು ತಂಗಿ."

ಈ ಪತ್ರಕ್ಕೆ ನಾವೇನೂ ಸೇರಿಸುವುದಿಲ್ಲ. ಕೀಲಿಕೈ ಮಾತು ಮನೆಯಲ್ಲಿ ಇನ್ನೂ ನಡೆಯುತ್ತಿದ್ದರೆ, ಗಂಡ ಹೆಂಡತಿ ಒಟ್ಟಿಗೆ ಕೂತು ಓದಿದರೆ ಒಳ್ಳೆಯದು. ಕಾನೂನಿನ ದಾರಿ ಹೇಳಿದವರು ಸರಸ್ವತಿಪುರಂನ ನಿವೃತ್ತ ಬ್ಯಾಂಕ್ ಅಧಿಕಾರಿ.

"ಮೇಡಂ, ಕೀಲಿಕೈ ಕೊಟ್ಟು ಸಾಲ ಮುಗಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಸಿನಿಮಾದಲ್ಲಿ ಇರಬಹುದು. ಕಂತು ಬಾಕಿ 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು, ಸ್ವಾಧೀನ, ಹರಾಜು. ಹರಾಜಿನ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ನಿಮ್ಮಿಂದಲೇ ವಸೂಲು ಮಾಡುತ್ತಾರೆ, ಜಾಮೀನುದಾರರಿದ್ದರೆ ಅವರಿಂದಲೂ. ಒನ್ ಟೈಮ್ ಸೆಟಲ್‌ಮೆಂಟ್ ಅಂತ, ಬಾಕಿಯಲ್ಲಿ ಒಂದಿಷ್ಟು ಕಟ್ಟಿ ಮುಗಿಸಿ ಅಂತ, ಯಾರಾದರೂ ಹೇಳಿದರೆ ನೆನಪಿಡಿ, ಸಿಬಿಲ್‌ನಲ್ಲಿ ಅದು 'ಸೆಟಲ್ಡ್' ಅಂತ ದಾಖಲಾಗುತ್ತದೆ. ಮುಂದೆ ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ. ಸಂಬಳ ಬರುತ್ತಿರುವವರಿಗೆ ಅದು ದಾರಿಯಲ್ಲ.

ಆರು ವರ್ಷ ಕಟ್ಟಿದರೂ ಅಸಲು ಯಾಕೆ ಕರಗಿಲ್ಲ ಅಂತ ಬೇಸರ ಪಟ್ಟಿದ್ದೀರಿ. 2020ರ ಮೇನಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇಕಡ 4 ಇತ್ತು. ಅದು ಏರಿದರೆ ನಿಮ್ಮ ಬಡ್ಡಿಯೂ ಏರುತ್ತದೆ. 2023ರ ಫೆಬ್ರುವರಿಗೆ ಶೇಕಡ 6.5 ಆಯಿತು. ಬಹಳ ಬ್ಯಾಂಕುಗಳು ಕಂತು ಏರಿಸಲಿಲ್ಲ, ಸುಮ್ಮನೆ ಅವಧಿ ಎಳೆದವು. ನೀವು ಕಟ್ಟಿದ್ದರಲ್ಲಿ ಹೆಚ್ಚಿನ ಪಾಲು ಬಡ್ಡಿಗೇ ಹೋಯಿತು. 2025ರಲ್ಲಿ ರೆಪೊ ಇಳಿಯುತ್ತಾ ಬಂದು ಡಿಸೆಂಬರ್‌ಗೆ 5.25 ಆಯಿತು. ಆ ಇಳಿಕೆ ನಿಮ್ಮ ಖಾತೆಗೆ ತಲುಪಿದೆಯಾ ಅಂತ ನೋಡಿ.

ಮಾರುವುದಾದರೆ ಕ್ರಮ ಹೀಗೆ. ಬ್ಯಾಂಕಿನಿಂದ ಫೋರ್‌ಕ್ಲೋಷರ್ ಲೆಟರ್ ಬರೆಸಿಕೊಳ್ಳಿ. ಯಾವ ದಿನಕ್ಕೆ ಎಷ್ಟು ಬಾಕಿ ಅಂತ ಅದರಲ್ಲಿರಬೇಕು. ಟಾಪ್-ಅಪ್ ಖಾತೆಯೂ ಸೇರಿರಬೇಕು. ಬಹಳ ಜನ ಅದನ್ನು ಮರೆತು ನೋಂದಣಿ ದಿನ ಪೇಚಾಡುತ್ತಾರೆ. ನನ್ನ ಟೇಬಲ್ ಮುಂದೆಯೇ ಒಬ್ಬರು ಅತ್ತಿದ್ದಾರೆ. ಗಿರಾಕಿಯ ಹಣ ನೇರ ಸಾಲದ ಖಾತೆಗೆ ಹೋಗಲಿ. ಕೊನೆಯ ರೂಪಾಯಿ ಬೀಳುವವರೆಗೆ ಮೂಲ ಪತ್ರ ಹೊರಗೆ ಬರುವುದಿಲ್ಲ. ಬದಲಾಗುವ ಬಡ್ಡಿಯ ಗೃಹ ಸಾಲಕ್ಕೆ ಮುಂಚಿತವಾಗಿ ತೀರಿಸಿದರೆ ದಂಡ ಇಲ್ಲ. ಸಾಲ ತೀರಿದ 30 ದಿನದೊಳಗೆ ಪತ್ರಗಳನ್ನು ವಾಪಸ್ ಕೊಡಬೇಕು, ಬ್ಯಾಂಕೇ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು.

ಇನ್ನು 6 ಲಕ್ಷದ ಮಾತು. ಒಂದು ಕಂತೂ ತಪ್ಪಿಲ್ಲ, ಪತಿಗೆ ಸಂಬಳ ಇದೆ. ಅದರ ಮೇಲೆ ವೈಯಕ್ತಿಕ ಸಾಲ ಕೇಳಿ. ಶೇಕಡ 12ರ ಬಡ್ಡಿ ಅಂತ ಹಿಡಿದರೂ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 13,350. ಈಗ 41,400 ಕಟ್ಟುತ್ತಿದ್ದೀರಿ. ಇದರಲ್ಲಿ ಒಡವೆ ಎಲ್ಲಿಂದ ಬಂತು? ಆದರೆ ಕೇಳುವುದಿದ್ದರೆ ಈಗಲೇ ಕೇಳಿ. ಕಂತು ತಪ್ಪಿದ ಮೇಲೆ ಯಾರೂ ಕೊಡುವುದಿಲ್ಲ."

ಈ ಲೆಕ್ಕವನ್ನು ನಾವೂ ಇನ್ನೊಮ್ಮೆ ಹಾಕಿ ನೋಡಿದೆವು. ಸರಿಯಾಗಿದೆ.

ಓಸಿ ಬಗ್ಗೆಯೂ ಸಾಕಷ್ಟು ಪತ್ರಗಳು ಬಂದಿವೆ. ಅದರಲ್ಲಿ ಒಂದು, ಶ್ರೀರಾಂಪುರದಿಂದ.

"ನಮ್ಮದೂ ಇದೇ ಕಥೆ. ಪ್ಲಾನಿನಲ್ಲಿ ಮೂರು ಮಹಡಿ, ಎದ್ದಿದ್ದು ನಾಲ್ಕು. ಬಿಲ್ಡರ್ ಫೋನ್ ಎತ್ತಲ್ಲ. ಓಸಿ ನೋಡದೆ ಬ್ಯಾಂಕು ಸಾಲ ಕೊಡಬಾರದು, ಕರೆಂಟು ನೀರಿಗೂ ಓಸಿ ಕೇಳಬೇಕು ಅಂತ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ನಮ್ಮ ಕಟ್ಟಡಕ್ಕೆ ಬರುತ್ತಿದ್ದ ಗಿರಾಕಿಗಳು ಗೇಟಿನಿಂದಲೇ ವಾಪಸ್. ಅಕ್ಕ, ನೀವು ಕಳೆದುಕೊಂಡಿರುವ 14 ಲಕ್ಷ ಆ ಒಂದು ಕಾಗದದ್ದು. ನಾವು 18 ಮನೆಯವರು ಸಂಘ ಮಾಡಿಕೊಂಡು, ಆರ್ಕಿಟೆಕ್ಟ್ ಕರೆಸಿ ಅಳತೆ ಮಾಡಿಸಿ, ಅರ್ಜಿ ಹಿಡಿದು ಅಲೆಯುತ್ತಿದ್ದೇವೆ. ಎರಡು ವರ್ಷ ಆಗುತ್ತಾ ಬಂತು. ನಾಲ್ಕನೇ ಮಹಡಿಯವರು ಮೀಟಿಂಗಿಗೆ ಬರುವುದನ್ನೇ ಬಿಟ್ಟಿದ್ದಾರೆ, ಪಾಪ. ಆದರೂ ಮಾರಬೇಡಿ. ಆ 35 ಲಕ್ಷದ ಮನುಷ್ಯ ದಡ್ಡ ಅಲ್ಲ. ನಾಳೆ ಓಸಿ ಬಂದರೆ ಲಾಭ ಅವನಿಗೆ."

ಕಾಯುವ ತಾಕತ್ತಿದ್ದವರಿಗೆ ಇದು ಒಳ್ಳೆಯ ಸಲಹೆ. ತಿಂಗಳು ತಿಂಗಳೂ ಎರಡು ಮನೆಯ ಖರ್ಚು ಹೊತ್ತವರು ಎಷ್ಟು ತಿಂಗಳು ಅಂತ ಬೆರಳು ಮಡಚಿ ಎಣಿಸಿಕೊಳ್ಳಲಿ.

ಇಲವಾಲದಿಂದ: "ಬಾಡಿಗೆಗೆ ಕೊಡಿ. 13-14 ಸಾವಿರ ಬರುತ್ತೆ. ಬೀಗ ಹಾಕಿಟ್ಟ ಮನೆಗೆ ಗೆದ್ದಲು ಬರುತ್ತೆ. ನಮ್ಮ ಮನೆಗೆ ಬಂದಿತ್ತು."

ಕ್ರಯಪತ್ರ ಬರೆಯುವ ಕೆಲಸ ಮಾಡುವ ಒಬ್ಬರು, ಮೈಸೂರಿನಿಂದ: "ಮಾರಾಟದ ಬೆಲೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರಕ್ಕಿಂತ ಕಮ್ಮಿ ಇದ್ದರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ದರದ ಮೇಲೇ ಬೀಳುತ್ತೆ. 2023ರ ಅಕ್ಟೋಬರ್‌ನಲ್ಲಿ ಆ ದರ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2 ಆಗಿದೆ. ಗಿರಾಕಿ ಇದನ್ನೇ ನೆಪ ಮಾಡಿ ಇನ್ನೊಂದು ಲಕ್ಷ ಇಳಿಸಿ ಅನ್ನುತ್ತಾನೆ. ಬಗ್ಗಬೇಡಿ. ಅರ್ಧ ಕ್ಯಾಶ್ ಕೊಡ್ತೀನಿ ಅಂದರೆ ಅದಕ್ಕೂ ಒಪ್ಪಬೇಡಿ. ಸಾಲ ತೀರಿದ ಮೇಲೆ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಸಾಲದ ನಮೂದು ಹೋಗಿದೆಯಾ ಅಂತ ನೋಡಿಕೊಳ್ಳಿ."

ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ಕೇಳಿ, ನಕ್ಷೆ ಬರೆದು ಕಳಿಸಿದವರು ಮೂರು ಜನ. ನಕ್ಷೆಗಳನ್ನು ಪ್ರಶ್ನೆ ಕೇಳಿದವರಿಗೆ ತಲುಪಿಸಿದ್ದೇವೆ. ದಟ್ಟಗಳ್ಳಿಯಿಂದ ಒಬ್ಬರು "34ಕ್ಕೆ ಕೊಡ್ತಾರಾ ಕೇಳಿ" ಅಂತ ಬರೆದು ಫೋನ್ ನಂಬರ್ ಕೊಟ್ಟಿದ್ದಾರೆ. ಅದನ್ನು ತಲುಪಿಸಿಲ್ಲ.

ಕಡೆಯದಾಗಿ ಶ್ರೀರಂಗಪಟ್ಟಣದ ಓದುಗರು. ವಯಸ್ಸು 71 ಅಂತ ಬರೆದಿದ್ದಾರೆ.

"ತಾಯಿ, ಅತ್ತೆಯ ಒಡವೆ ಮಾರಲಾ ಅಂತ ಊರನ್ನೆಲ್ಲ ಕೇಳಿದೆ. ಅತ್ತೆಯನ್ನು ಕೇಳಿದೆಯಾ? ನನ್ನ ಸೊಸೆಯೂ ಕೇಳಲಿಲ್ಲ. ಬೀರುವಿನ ಬೀಗದ ಕೈ ಎಲ್ಲಿಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ದೇವರಿಗೆ ಹಾಕೋಣ ಅಂತ ಡಬ್ಬಿ ತೆಗೆದರೆ ಒಳಗೆ ಹತ್ತಿ ಮಾತ್ರ ಇತ್ತು. ಕೇಳಿದ್ದರೆ ಬಳೆ ನಾಲ್ಕೂ ನಾನೇ ಬಿಚ್ಚಿ ಕೊಡುತ್ತಿದ್ದೆ. ಅವಲಕ್ಕಿ ಸರ ಒಂದನ್ನು ಇಟ್ಟುಕೊಳ್ಳುತ್ತಿದ್ದೆ. ಅದು ನಮ್ಮಮ್ಮಂದು."

ಈ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಪ್ರಶ್ನೆ ಕೇಳಿದ್ದ ಓದುಗರು ಮೊನ್ನೆ ಫೋನ್ ಮಾಡಿದ್ದರು. ಮಂಡ್ಯದ ಪತ್ರವನ್ನು ಅವರಿಗೆ ಮೊದಲೇ ಓದಿ ಹೇಳಿದ್ದೆವು. ಫೈಲು ತೆಗೆದು ನೋಡಿದರಂತೆ. ಜಾಮೀನು ಹಾಕಿರುವುದು ಮೈದುನ. ಬೆಂಗಳೂರಿಗೆ ಹೋಗುವ ಮುಂಚೆ, ಈ ಭಾನುವಾರ, ಅವರ ಮನೆಗೆ ಹೋಗುತ್ತಿದ್ದಾರೆ.