ಪಾರ್ಕಿನ್ಸನ್: ಬೆಳಗಿನ ಮಾತ್ರೆ, ಬಚ್ಚಲ ಬಾಗಿಲು, ಊಟದ ಕೆಮ್ಮು

ಕೇಳಿದ್ದು: ಅಪ್ಪನಿಗೆ ಪಾರ್ಕಿನ್ಸನ್. ಲೆವೊಡೋಪಾ-ಕಾರ್ಬಿಡೋಪಾ ಮಾತ್ರೆ ದಿನಕ್ಕೆ ನಾಲ್ಕು ಸಲ. ಬೆಳಗಿನದು ಕೆಲವು ದಿನ ಕೆಲಸವೇ ಮಾಡಲ್ಲ. ಬಚ್ಚಲ ಬಾಗಿಲಲ್ಲಿ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ, ಊಟಕ್ಕೆ ಕೂತರೆ ಕೆಮ್ಮು. ತಿಳಿದವರು ಹೇಳಿ.

ಉತ್ತರ 1: ಬೆಳಗಿನ ಮಾತ್ರೆ ಯಾವುದರ ಜೊತೆ ನುಂಗುತ್ತಾರೆ? ಹಾಲು ಅಥವಾ ಹಾಲು ಹಾಕಿದ ಕಾಫಿಯಾದರೆ ಮೊದಲು ಅದನ್ನು ಬಿಡಿಸಿ. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟುವ ದಾರಿಯಲ್ಲೇ ಪ್ರೋಟೀನಿನ ಅಮೈನೋ ಆಮ್ಲಗಳೂ ನುಗ್ಗುತ್ತವೆ, ಔಷಧ ಹಿಂದೆ ಬೀಳುತ್ತದೆ. ತಿಂಡಿಗೆ ಅರ್ಧ ಗಂಟೆ ಮೊದಲು ಅಥವಾ ತಿಂದು ಒಂದು ಗಂಟೆ ಬಿಟ್ಟು, ಬರೀ ನೀರಿನಲ್ಲಿ ಕೊಡಿ. ಹೊಟ್ಟೆ ತೊಳಸಿದರೆ ಒಂದು ಹಿಡಿ ಮಂಡಕ್ಕಿ ಸಾಕು. ಕಬ್ಬಿಣದ ಮಾತ್ರೆ ಇದ್ದರೆ ಎರಡು ಗಂಟೆ ಅಂತರವಿರಲಿ. ಹಾಗಂತ ಬೇಳೆ, ಮೊಟ್ಟೆ ನಿಲ್ಲಿಸಬೇಡಿ, ತೂಕ ಇಳಿಯುತ್ತದೆ. ಬೇಕಾದರೆ ವೈದ್ಯರನ್ನು ಕೇಳಿ ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಯೂಟಕ್ಕೆ ಸರಿಸಿ. ಮಲಬದ್ಧತೆ ಇದ್ದರೂ ಮಾತ್ರೆ ಹತ್ತುವುದು ತಡವಾಗುತ್ತದೆ. ‘ಸಿಆರ್’ (ಔಷಧವನ್ನು ನಿಧಾನವಾಗಿ ಬಿಡುವಂಥದ್ದು) ಎಂದು ಬರೆದಿರುವ ಮಾತ್ರೆಯನ್ನು ಪುಡಿ ಮಾಡಲೇಬಾರದು.

ಉತ್ತರ 2: ವಾಂತಿ, ತಲೆಸುತ್ತು ಎಂದು ಅಂಗಡಿಯಲ್ಲಿ ಕೇಳಿ ಮಾತ್ರೆ ತರಬೇಡಿ. ಮೆಟೊಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮೂರೂ ಡೋಪಮಿನ್‌ಗೆ (ಲೆವೊಡೋಪಾ ಮಿದುಳಿನಲ್ಲಿ ಬದಲಾಗಿ ಆಗುವ, ಮೈಯ ಚಲನೆಗೆ ಬೇಕಾದ ರಾಸಾಯನಿಕ) ಅಡ್ಡ ನಿಲ್ಲುತ್ತವೆ, ನಡುಕ ಮತ್ತು ಬಿಗಿತ ಹೆಚ್ಚುತ್ತದೆ. ನಸುಗುನ್ನಿ ಪುಡಿ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿರುವುದೂ ಲೆವೊಡೋಪಾನೇ, ಆದರೆ ಎಷ್ಟಿದೆ ಎಂಬ ಲೆಕ್ಕ ಸಿಗದು. ಈಗಿನ ಡೋಸ್‌ಗೆ ಅದು ಸೇರಿದರೆ ಮೈ ತಾನಾಗಿ ತಿರುಚಿ ಕುಣಿಯಲು ಶುರುವಾಗಬಹುದು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಉತ್ತರ 3 (ಫಿಸಿಯೋ): ಕಾಲು ಅಂಟಿದಾಗ ಕೈ ಹಿಡಿದು ಎಳೆಯಬೇಡಿ. ಮೈ ಮುಂದೆ ಬರುತ್ತದೆ, ಪಾದ ಅಲ್ಲೇ ಇರುತ್ತದೆ, ಮುಗ್ಗರಿಸುತ್ತಾರೆ. ‘ನಿಲ್ಲಿ’ ಎನ್ನಿ. ಭಾರವನ್ನು ಎಡಕ್ಕೆ, ಬಲಕ್ಕೆ ಎರಡು ಸಲ ತೂಗಿಸಿ, ಹಗುರಾದ ಕಾಲನ್ನು ಎತ್ತಿ ದೊಡ್ಡ ಹೆಜ್ಜೆ ಹಾಕಿಸಿ. ಇಲ್ಲವೇ ನಿಮ್ಮ ಪಾದವನ್ನು ಅವರ ಮುಂದೆ ಅಡ್ಡ ಇಟ್ಟು ‘ಇದನ್ನು ದಾಟಿ’ ಎನ್ನಿ. ಇದೇ ಕಾರಣಕ್ಕೆ ಬಾಗಿಲಿಗೆ ಮುಂಚೆ ನೆಲದ ಮೇಲೆ ಅಡ್ಡವಾಗಿ ನಾಲ್ಕೈದು ಟೇಪ್ ಪಟ್ಟಿ ಅಂಟಿಸುತ್ತಾರೆ, ಅವರ ಒಂದು ಹೆಜ್ಜೆಯಷ್ಟು, ಸುಮಾರು 40 ಸೆಂ.ಮೀ. ಅಂತರದಲ್ಲಿ. ಕೆಂಪು ನೆಲಕ್ಕೆ ಬಿಳಿ, ಬಿಳಿ ಟೈಲ್ಸ್‌ಗೆ ಕಪ್ಪು. ಬಚ್ಚಲ ಒಳಗೆ ಬೇಡ, ಒದ್ದೆಯಾದರೆ ಜಾರುತ್ತದೆ. ಎಲ್ಲರಿಗೂ ಇದು ಫಲಿಸುವುದಿಲ್ಲ. ಕೆಲವರಿಗೆ ‘ಒಂದು, ಎರಡು’ ಎಣಿಕೆಯೇ ಮೇಲು. ನಿಂತಲ್ಲೇ ಗಿರಕ್ಕನೆ ತಿರುಗುವುದು ಬೇಡ, ಅರ್ಧಚಂದ್ರಾಕಾರವಾಗಿ ನಡೆದು ತಿರುಗಲಿ. ಬಾಗಿಲ ಮುಂದಿನ ಮ್ಯಾಟ್ ತೆಗೆದುಬಿಡಿ.

ಉತ್ತರ 4: ಕೆಮ್ಮಿನ ವಿಷಯ. ನೆಟ್ಟಗೆ ಕೂತು, ಗದ್ದ ತುಸು ತಗ್ಗಿಸಿ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಮುದ್ದೆ ಅಗಿಯದೆ ನುಂಗುವ ಅಭ್ಯಾಸವಿದ್ದರೆ ನಿಲ್ಲಿಸಬೇಕು. ತೆಳ್ಳನೆ ಸಾರಿನಲ್ಲಿ ಅನ್ನ ತೇಲುವಂತೆ ಕಲಸಿದರೆ ನೀರು ಮುಂದೆ ಓಡಿ ಶ್ವಾಸನಾಳಕ್ಕೆ ಜಾರುತ್ತದೆ. ಮೊಸರನ್ನ, ಪೊಂಗಲ್ ಹದ ವಾಸಿ, ಆದರೆ ಮಾತ್ರೆ ಹೊತ್ತಿನಿಂದ ದೂರ. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದ ಮೇಲೆ ದನಿ ಗೊರಗೊರ ಎಂದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ನುಂಗುವ ಪರೀಕ್ಷೆ ಮಾಡಿಸಿ, ಮುಂದೂಡಬೇಡಿ.

ಕೇಳಿದ್ದು: ರಾತ್ರಿ ಏಳುವಾಗ ತೂರಾಡುತ್ತಾರೆ, ಅದಕ್ಕೆ?

ಉತ್ತರ 3: ಎದ್ದಾಗ ಬಿಪಿ ಇಳಿಯುವುದು ಈ ಕಾಯಿಲೆಯಲ್ಲೂ ಈ ಮಾತ್ರೆಯಲ್ಲೂ ಇದೆ. ಮಂಚದಂಚಲ್ಲಿ ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಲಿ. ಮಲಗಿದ್ದಾಗ ಒಮ್ಮೆ, ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಒಮ್ಮೆ ಬಿಪಿ ಬರೆದಿಡಿ. ಮೇಲಿನ ಅಂಕಿ 20 ಇಳಿದರೆ ವೈದ್ಯರಿಗೆ ತೋರಿಸಿ. ಬಿಪಿ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ.